ಕೀನ್ಯಾದ ತಗಡಿನ ಮೇಲೆ ಗುಲಾಬಕ್ಕನ ಬಿಸಿಲ ನೀರು

ಕೀನ್ಯಾಕ್ಕೆ ಹೋಗಿ ಬಂದೆ ಎಂದರೆ ಎಲ್ಲರೂ ಮೊದಲು ಕೇಳುವುದು ಸಿಂಹ ನೋಡಿದಿರಾ ಎಂದು. ನೋಡಲಿಲ್ಲ. ಆನೆ, ಜಿರಾಫೆ ಯಾವುದೂ ಇಲ್ಲ. ಒಂಬತ್ತು ದಿನದಲ್ಲಿ ನಾನು ಅತಿ ಹೆಚ್ಚು ಹೊತ್ತು ಕತ್ತೆತ್ತಿ ನೋಡಿದ್ದು ಒಂದು ಗುಡ್ಡದ ಶಾಲೆಯ ತಗಡಿನ ಮಾಡನ್ನು. ಅದರ ಮೇಲೆ ಸಾಲಾಗಿ ಮಲಗಿಸಿದ್ದ ನೀರಿನ ಬಾಟಲಿಗಳನ್ನು. ಇದನ್ನು ಹೇಳಿದರೆ ನಮ್ಮ ನೆಂಟರಿಷ್ಟರು ಮುಖ ಮುಖ ನೋಡಿಕೊಳ್ಳುತ್ತಾರೆ. ಅದಕ್ಕೇ ಎಲ್ಲವನ್ನೂ ಕೂತು ಬರೆದುಬಿಡೋಣ ಅನ್ನಿಸಿತು.

ಹೊರಡುವ ಮೊದಲು

ನಿಜ ಹೇಳಬೇಕೆಂದರೆ ಕರೆ ಬಂದದ್ದು ನನಗಲ್ಲ, ಗುಲಾಬಕ್ಕನಿಗೆ. ಮಲ್ಲಂದೂರಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಅಲ್ಲಿ ಕಣದ ಮೇಸ್ತ್ರಿ ಗುಲಾಬಕ್ಕ. ಕಣ ಎಂದರೆ ಸುಲಿದು ತೊಳೆದ ಕಾಫಿ ಬೀಜವನ್ನು, ಅಂದರೆ ಪಾರ್ಚ್‌ಮೆಂಟನ್ನು, ಒಣಗಿಸುವ ಅಂಗಳ. ಒಂದು ಬೀಜವನ್ನು ಹಲ್ಲಿನಿಂದ ಕಚ್ಚಿ "ಇನ್ನೂ ಎರಡು ಬಿಸಿಲು ಬೇಕು" ಎಂದು ಅವರು ಹೇಳಿದರೆ ನಮ್ಮನೆಯವರೂ ಎದುರು ಮಾತಾಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ಗುಡ್ಡ ಜರಿದು, ಕೆಲಸದವರ ಲೈನ್ ಮನೆಗಳಿಗೆ ನೀರು ಬರುತ್ತಿದ್ದ ಹಳ್ಳ ಕೆಟ್ಟುಹೋಯಿತು. ಮಣ್ಣು ತಿಳಿಯಾದ ಮೇಲೂ ಮಕ್ಕಳಿಗೆ ವಾಂತಿಭೇದಿ ನಿಲ್ಲಲಿಲ್ಲ. ಆಗ ಬಂದಿದ್ದ ಆರೋಗ್ಯ ಕಾರ್ಯಕರ್ತೆಯೊಬ್ಬರು ಈ ಉಪಾಯ ಹೇಳಿಕೊಟ್ಟರು. ಗೀರಿಲ್ಲದ ಪಾರದರ್ಶಕ ಬಾಟಲಿ, ಮೇಲಿನ ಕಾಗದ ಕಿತ್ತು ತೊಳೆದದ್ದು. ಅದರಲ್ಲಿ ತಿಳಿನೀರು. ತುಂಬಿದ ಬಾಟಲಿಯನ್ನು ಪತ್ರಿಕೆಯ ಮೇಲೆ ನಿಲ್ಲಿಸಿ ಬಾಯಿಯಿಂದ ಕೆಳಗೆ ನೋಡಿದರೆ ದೊಡ್ಡ ಅಕ್ಷರ ಓದಲು ಬರಬೇಕು, ಅಷ್ಟು ತಿಳಿ. ಆಮೇಲೆ ತಗಡಿನ ಮಾಡಿನ ಮೇಲೆ ಒಳ್ಳೆ ಬಿಸಿಲಿಗೆ ಆರು ಗಂಟೆ. ಮೋಡವಿದ್ದರೆ ಎರಡು ದಿನ. ಬಿಸಿಲೇ ಕ್ರಿಮಿಗಳನ್ನು ಕೊಲ್ಲುತ್ತದೆ. ಮೊದಲು ಗುಲಾಬಕ್ಕನ ಮನೆಯ ಮೇಲೆ ನಾಲ್ಕು ಬಾಟಲಿ ಕಂಡವು. ಮರುವರ್ಷ ಲೈನಿನ ಎಲ್ಲ ಮಾಡುಗಳೂ ದೂರಕ್ಕೆ ಮಿಂಚತೊಡಗಿದವು. ಮಳೆಗಾಲದಲ್ಲಿ ಮಾತ್ರ ಒಲೆ, ಉಳಿದಂತೆ ಬಿಸಿಲು.

ಇದನ್ನು ನೋಡಿಹೋದ ಒಂದು ಸಂಸ್ಥೆಯವರು ಕೀನ್ಯಾದ ಕಾಫಿ ಗುಡ್ಡದ ಹೆಂಗಸರಿಗೂ ತೋರಿಸಿಕೊಡಿ ಎಂದು ಗುಲಾಬಕ್ಕನನ್ನು ಕರೆದರು.

"ನಂಗೆ ಕನ್ನಡ, ತುಳು ಬಿಟ್ರೆ ಎಂತದೂ ಬರಲ್ಲ. ಅಮ್ಮ ಬಂದ್ರೆ ಹೋಗ್ತೀನಿ" ಎಂದರು ಅವರು.

ಅಮ್ಮ ಎಂದರೆ ನಾನು. ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ ಓದಿದವಳು, ಭಾಷಣದಲ್ಲಿ ಎರಡು ಸಲ ಕಪ್ ಗೆದ್ದವಳು. ಮೂವತ್ತು ವರ್ಷದಿಂದ ನನ್ನ ಇಂಗ್ಲಿಷು ಔಷಧಿಯ ಚೀಟಿ ಓದುವುದಕ್ಕೂ ಮಕ್ಕಳ ಶಾಲೆಯ ಡೈರಿಗೆ ಸಹಿ ಹಾಕುವುದಕ್ಕೂ ಮಾತ್ರ ಉಪಯೋಗವಾಗಿತ್ತು. ಅದಕ್ಕೂ ಒಂದು ಕೆಲಸ ಸಿಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ.

"ರೊಬಸ್ಟಾ ಕಾಫಿ ಕಣಕ್ಕೆ ಬರೋ ಹೊತ್ತಿಗೆ ಕಣದ ಮೇಸ್ತ್ರಿನೂ ಇಲ್ಲ, ಮನೆ ಯಜಮಾನಿನೂ ಇಲ್ಲ. ನಾನೇನು ಕಣದಲ್ಲೇ ಅಡುಗೆ ಮಾಡ್ಕೊಳ್ಳಲಾ?" ಎಂದರು ನಮ್ಮನೆಯವರು. ಆದರೂ ಆಲ್ದೂರಿಗೆ ಹೋಗಿ ನನಗೊಂದು ಹೊಸ ಸೂಟ್‌ಕೇಸ್ ತಂದುಕೊಟ್ಟರು.

ನೈರೋಬಿ

ವಿಮಾನ ನಿಲ್ದಾಣದಲ್ಲೇ ನಮ್ಮ ಮೊದಲ ಪೇಚು. ಆ ದೇಶದಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧ. ಅದು ನನಗೆ ಗೊತ್ತಿರಲಿಲ್ಲ. ಚಕ್ಕುಲಿಗೊಂದು ಕವರ್, ಹಪ್ಪಳಕ್ಕೊಂದು ಕವರ್, ಚಪ್ಪಲಿಗೊಂದು ಕವರ್ ಎಂದು ನಾನು ಸುತ್ತಿಟ್ಟಿದ್ದೆಲ್ಲವನ್ನೂ ಅಧಿಕಾರಿ ನಿಧಾನವಾಗಿ, ಸಿಟ್ಟಿಲ್ಲದೆ ಬಿಚ್ಚಿ ತೆಗೆದುಕೊಂಡರು. ಚಕ್ಕುಲಿ ನನ್ನ ಸೀರೆಗಳ ಮಧ್ಯೆ ಹೋಗಿ ಕೂತಿತು.

ಆಮೇಲೆ ಗುಲಾಬಕ್ಕನ ಚೀಲ ತೆರೆದರು. ಅದರಲ್ಲಿ ಎರಡು ಸೀರೆ, ಒಂದು ಸ್ವೆಟರ್, ಹನ್ನೆರಡು ಖಾಲಿ ಬಾಟಲಿ. ಪರವೂರಿನ ಬಾಟಲಿಗಳು ಹೇಗಿರುತ್ತವೋ ಎಂದು ನನಗೂ ಹೇಳದೆ ಹೊತ್ತು ತಂದಿದ್ದರು.

"ಇದರಲ್ಲಿ ಏನಿದೆ?" ಎಂದು ಅಧಿಕಾರಿ ಕೇಳಿದರು.

"ಏನೂ ಇಲ್ಲ" ಎಂದೆ.

"ಏನೂ ಇಲ್ಲದ್ದನ್ನು ಇಷ್ಟು ದೂರ ಯಾಕೆ ತಂದಿರಿ?"

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. "ಬಿಸಿಲು ತುಂಬ್ಸಕ್ಕೆ ಅಂತ ಹೇಳಿ ಅಮ್ಮ" ಎಂದರು ಗುಲಾಬಕ್ಕ.

ಹಾಗೆಯೇ ಹೇಳಿದೆ. ಅವರು ನನ್ನನ್ನೊಮ್ಮೆ, ಗುಲಾಬಕ್ಕನನ್ನೊಮ್ಮೆ ನೋಡಿ ಗಟ್ಟಿಯಾಗಿ ನಕ್ಕು, ಬಾಟಲಿಗಳನ್ನು ತಾವೇ ಚೀಲಕ್ಕೆ ತುಂಬಿ ಜಿಪ್ ಎಳೆದುಕೊಟ್ಟರು.

ಮಾಮಾ ಜೇನ್ ಮನೆ

ನೈರೋಬಿ ದಾಟಿ ಗುಡ್ಡ ಹತ್ತುತ್ತ ಹೋದಂತೆ ಮಣ್ಣು ಕೆಂಪಾಯಿತು, ಗಾಳಿ ತಣ್ಣಗಾಯಿತು. ಕಾಫಿ ಗಿಡ ಕಂಡ ಕೂಡಲೇ ನಮ್ಮಿಬ್ಬರಿಗೂ ತವರಿಗೆ ಬಂದಷ್ಟು ಖುಷಿ. ಆದರೆ ಗುಲಾಬಕ್ಕನ ಖುಷಿ ಎರಡೇ ನಿಮಿಷ.

"ಅಯ್ಯೋ ಪಾಪ, ಗಿಡಕ್ಕೆ ನೆರಳೇ ಇಲ್ವಲ್ಲ ಅಮ್ಮ. ಬೋಳು ಬಿಸಿಲಲ್ಲಿ ನಿಲ್ಲಿಸಿದಾರೆ."

ನಿಜ. ನಮ್ಮಲ್ಲಿ ಕಾಫಿಯ ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಅಲ್ಲಿ ಗಿಡಗಳು ನೇರ ಆಕಾಶದ ಕೆಳಗೆ. ಮನೆಯಿಲ್ಲದ ಮಕ್ಕಳನ್ನು ಕಂಡಂತೆ ಗುಲಾಬಕ್ಕ ದಾರಿಯುದ್ದಕ್ಕೂ ಲೊಚಗುಟ್ಟಿದರು.

ನಾವು ಉಳಿದುಕೊಂಡದ್ದು ಮಾಮಾ ಜೇನ್ ಎಂಬುವರ ಮನೆಯಲ್ಲಿ. ಅಲ್ಲಿ ಮಾಮಾ ಎಂದರೆ ತಾಯಿ; ತಾಯಂದಿರನ್ನು ಮಗುವಿನ ಹೆಸರು ಸೇರಿಸಿ ಕರೆಯುತ್ತಾರೆ. ಜೇನ್ ಮಗಳು, ಇವರು ಜೇನಳ ತಾಯಿ. ಗುಲಾಬಕ್ಕನಿಗೆ ಇದು ಕೊನೆಯವರೆಗೂ ಒಗ್ಗಲಿಲ್ಲ. "ಇಷ್ಟು ಚಂದದ ಹೆಂಗಸನ್ನ ಮಾಮ ಅಂತ ಹೆಂಗೆ ಕರಿಯೋದು ಮಾರಾಯ್ತಿ!" ಎಂದು ತಮಗೆ ತಾವೇ ಹೇಳಿಕೊಂಡು, "ಜೇನಕ್ಕ" ಎಂದೇ ಕರೆದರು. ಜೇನಕ್ಕ ಓ ಎನ್ನುತ್ತಿದ್ದರು.

ಊಟಕ್ಕೆ ಮೊದಲು ಮಗಳು ಜೇನ್ ಹೂಜಿಯಲ್ಲಿ ಬೆಚ್ಚಗಿನ ನೀರು ತಂದು ಒಬ್ಬೊಬ್ಬರ ಕೈಗೂ ಹೊಯ್ದಳು. ಕೆಳಗೆ ಬೇಸಿನ್ ಹಿಡಿದು, ಒಂದು ಹನಿಯೂ ನೆಲಕ್ಕೆ ಬೀಳದಂತೆ. ನಾವು ಅತಿಥಿಗಳಿಗೆ ನಲ್ಲಿ ತೋರಿಸಿ ಸುಮ್ಮನಾಗುತ್ತೇವೆ. ಬಿಳಿ ಜೋಳದ ಹಿಟ್ಟಿನ ಗಟ್ಟಿ ಮುದ್ದೆ, ಸೊಪ್ಪಿನ ಪಲ್ಯ ಬಂತು. "ಕಡುಬಿಗೆ ಉಪ್ಪು ಹಾಕೋದು ಮರ್ತಿದಾರೆ" ಎಂದು ಗುಲಾಬಕ್ಕ ನನ್ನ ಕಿವಿಯಲ್ಲಿ ಹೇಳಿ, ಮೂರು ತುಂಡು ತಿಂದರು.

ಕಾಫಿ ಬೆಳೆಯುವ ಆ ಮನೆಯಲ್ಲಿ ಕಾಫಿ ಇರಲಿಲ್ಲ. ಹಾಲು ಹಾಕಿ ಕುದಿಸಿದ ಚಹಾ ಮಾತ್ರ. ನಾನು ಕೊಂಡುಹೋಗಿದ್ದ ನಮ್ಮ ತೋಟದ ಪುಡಿಯನ್ನು ಗುಲಾಬಕ್ಕ ಒಗೆದ ಕರ್ಚೀಫಿನಲ್ಲಿ ಸೋಸಿ ಕೊಟ್ಟರು. ಜೇನಕ್ಕ ಒಂದು ಗುಟುಕು ಕುಡಿದು, ಬಹಳ ಮರ್ಯಾದೆಯಿಂದ ಲೋಟವನ್ನು ಗಂಡನಿಗೆ ದಾಟಿಸಿದರು.

ಮಲಗುವ ಮೊದಲು ಕುಡಿಯಲು ನೀರು ಕೇಳಿದಾಗ ಜೇನ್ ಹೇಳಿಕೊಟ್ಟಳು, ಅವರ ಭಾಷೆಯಲ್ಲಿ ನೀರಿಗೆ 'ಮಾಜಿ'.

"ಹೌದಾ?" ಎಂದರು ಗುಲಾಬಕ್ಕ. "ನಮ್ಮಲ್ಲಿ ಮಂತ್ರಿಗಳು ಮಾಜಿ ಆಗ್ತಾರೆ. ಇಲ್ಲಿ ನೀರೇ ಮಾಜಿ ಆಗಿದ್ಯಲ್ಲ!"

ಇದನ್ನು ಇಂಗ್ಲಿಷಿಗೆ ತರುವುದು ನನ್ನಿಂದ ಆಗಲಿಲ್ಲ. ಒಬ್ಬಳೇ ನಕ್ಕೆ.

ಶಾಲೆಯ ಅಂಗಳ

ಮರುದಿನ ಮಧ್ಯಾಹ್ನದ ಮೇಲೆ ಶಾಲೆಯಲ್ಲಿ ಸಭೆ. ಹೆಡ್‌ಮಿಸ್ಟ್ರೆಸ್ಸಿನ ಹೆಸರು ವಾಂಬುಯಿ. ಎಲ್ಲರೂ ಅವರನ್ನು ಮ್ವಾಲಿಮು, ಅಂದರೆ ಟೀಚರ್, ಎನ್ನುತ್ತಾರೆ. ಎತ್ತರದ ಆಳು, ಇಸ್ತ್ರಿ ಮಾಡಿದ ನೀಲಿ ಕೋಟು. ನಮ್ಮ ಕಾನ್ವೆಂಟಿನ ಸಿಸ್ಟರುಗಳನ್ನು ನೆನಪಿಸುವ ನೋಟ. ನನಗೇ ತಿಳಿಯದೆ ನೆಟ್ಟಗೆ ಕೂತೆ.

ಶಾಲೆಯ ನೀರಿನ ತೊಟ್ಟಿ ತುಂಬುವುದು ಕೆಳಗಿನ ಹಳ್ಳದಿಂದ. ಸೌದೆ ಇದ್ದ ದಿನ ಕುದಿಸುತ್ತಾರೆ, ಇಲ್ಲದ ದಿನ ಮಕ್ಕಳು ಹಾಗೆಯೇ ಕುಡಿಯುತ್ತಾರೆ. ಹಿಂದಿನ ವರ್ಷ ಎರಡನೇ ತರಗತಿಯ ಹುಡುಗಿಯೊಬ್ಬಳು ಭೇದಿಯಿಂದ ಆಸ್ಪತ್ರೆ ಸೇರಿ, ಬದುಕುವುದೇ ಕಷ್ಟ ಎನ್ನುವಂತಾಗಿತ್ತಂತೆ. ಮ್ವಾಲಿಮು ಮೇಜಿನ ಮೇಲೆ ತಳದಲ್ಲಿ ಔಷಧಿ ಹಾಕಿದ್ದ ಬೆರಳುದ್ದದ ಗಾಜಿನ ಬಾಟಲಿಗಳನ್ನು ಇಟ್ಟರು. ನೀರಿನ ಪರೀಕ್ಷೆಗೆ ನಮ್ಮಲ್ಲೂ ಅಂಥವನ್ನೇ ಬಳಸುತ್ತಾರೆ. ನೀರು ತುಂಬಿ ಬೆಚ್ಚಗಿಟ್ಟರೆ, ಕೆಟ್ಟ ನೀರು ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಒಳ್ಳೆಯದು ತಿಳಿ ಹಳದಿಯಾಗಿಯೇ ಉಳಿಯುತ್ತದೆ.

"ನೀವು ತುಂಬ ದೂರದಿಂದ ಬಂದಿದ್ದೀರಿ. ಆದರೆ ಇದು ಕಪ್ಪಾದರೆ ಆ ನೀರನ್ನು ನನ್ನ ಮಕ್ಕಳ ಬಾಯಿಗೆ ಹಾಕಲಾರೆ" ಎಂದರು ಅವರು.

ನಾನು ಕನ್ನಡದಲ್ಲಿ ಹೇಳಿದೆ. ಗುಲಾಬಕ್ಕ ತಲೆಯಾಡಿಸಿ, "ಸರಿಯಾಗೇ ಹೇಳಿದ್ರು. ನಾನೂ ಹಂಗೇ ಹೇಳ್ತಿದ್ದೆ" ಎಂದರು.

ಅಂಗಳದಲ್ಲಿ ಇಪ್ಪತ್ತು ಮಂದಿ ತಾಯಂದಿರು ಕೂತಿದ್ದರು. ಮುಕ್ಕಾಲು ಪಾಲು ಕಾಫಿ ಒಣಗಿಸುವ ಕೆಲಸದವರು. ಗುಲಾಬಕ್ಕ ಎದ್ದು ನಿಂತು ಹೇಳಿದ್ದು ಮೂರೇ ಮಾತು.

"ನೀರು ತಿಳಿಯಾಗಿರ್ಬೇಕು. ಬೆಳಿಗ್ಗೆ ಬಿಸಿಲು ಬಿದ್ದ ಕೂಡ್ಲೆ ಬಾಟ್ಲಿನ ತಗಡಿನ ಮೇಲೆ ಅಡ್ಡ ಮಲಗಿಸ್ಬೇಕು. ಸಂಜೆವರೆಗೂ ಮುಟ್ಬಾರ್ದು."

ಮೊದಲ ಎರಡನ್ನು ಇದ್ದ ಹಾಗೆ ಹೇಳಿದೆ. ಮೂರನೆಯದು ತೀರಾ ಒರಟಾಯಿತು ಅನ್ನಿಸಿತು. ಎದುರಿಗೆ ಅಷ್ಟು ಮಂದಿ, ಪಕ್ಕದಲ್ಲಿ ಮ್ವಾಲಿಮು. ಭಾಷಣದ ಕಪ್ ಗೆದ್ದ ಹುಡುಗಿ ನನ್ನೊಳಗೆ ಎದ್ದು ನಿಂತಳು. "ಪ್ರಿಯ ತಾಯಂದಿರೇ, ಒಣಗುತ್ತಿರುವ ನಿಮ್ಮ ಪಾರ್ಚ್‌ಮೆಂಟನ್ನು ಎಷ್ಟು ಅಕ್ಕರೆಯಿಂದ ನೋಡಿಕೊಳ್ಳುತ್ತೀರೋ, ಈ ಬಾಟಲಿಗಳನ್ನೂ ಹಾಗೆಯೇ ನೋಡಿಕೊಳ್ಳಿ" ಎಂದೆ. ಮ್ವಾಲಿಮು ಅದನ್ನು ಅವರ ಭಾಷೆಗೆ ತಿರುಗಿಸಿದರು. ಹೆಂಗಸರು ಚಪ್ಪಾಳೆ ತಟ್ಟಿದರು. ನನ್ನ ಕಿವಿ ಬಿಸಿಯಾಯಿತು. ಇಂಥ ಮಾತು ಇನ್ನೂ ನನ್ನಲ್ಲಿ ಉಳಿದಿದೆಯಲ್ಲ ಎಂದು ಆ ದಿನವೆಲ್ಲ ಅದನ್ನೇ ಮನಸ್ಸಿನಲ್ಲಿ ಸವಿಯುತ್ತಿದ್ದೆ.

ಮೂರನೆಯ ದಿನ ಬೆಳಿಗ್ಗೆ ಬಾಟಲಿಗಳು ಶಾಲೆಯ ಮಾಡು ಹತ್ತಿದವು. ಹೊಳೆಯುವ ಬಿಸಿಲು, ಒಂದು ತುಣುಕು ಮೋಡವಿಲ್ಲ. ನಮ್ಮಿಬ್ಬರನ್ನು ಪಕ್ಕದ ಹಳ್ಳಿಯ ಚರ್ಚಿನ ಊಟಕ್ಕೆ ಕರೆದೊಯ್ದರು. ಸಂಜೆ ಬಂದು ಮೂರು ಬಾಟಲಿಗಳಿಂದ ಮೂರು ಪರೀಕ್ಷೆಯ ಶೀಷೆ ತುಂಬಿದೆವು.

ಕಪ್ಪು

ನಾಲ್ಕನೆಯ ದಿನ ಸಂಜೆ ಮ್ವಾಲಿಮು ತಾವೇ ಜೇನಕ್ಕನ ಮನೆಗೆ ಬಂದರು. ಕರವಸ್ತ್ರದಲ್ಲಿ ಸುತ್ತಿದ್ದ ಶೀಷೆಗಳನ್ನು ಮೇಜಿನ ಮೇಲೆ ಬಿಚ್ಚಿದರು. ಒಂದು ಹಳದಿ. ಎರಡು ಕಪ್ಪು. ಶಾಯಿಯಂಥ ಕಪ್ಪು.

ಅವರು ಗದರಲಿಲ್ಲ. "ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಬಿಸಿಲು ಬೇರೆ ಇರಬಹುದು" ಎಂದಷ್ಟೇ ಹೇಳಿ ಚಹಾ ಕುಡಿದು ಹೋದರು. ಆ ಸೌಮ್ಯ ಮಾತು ಬೈಗುಳಕ್ಕಿಂತ ಭಾರವಾಗಿತ್ತು.

ಗುಲಾಬಕ್ಕ ಕಪ್ಪಾದ ಶೀಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅಂದರು, "ಬಿಸಿಲು ಬೇರೆ ಅನ್ನೋದು ಸುಳ್ಳು ಅಮ್ಮ. ನಮ್ಮೂರಿಗಿಂತ ಇಲ್ಲೇ ಜೋರು, ನನ್ನ ಬೆನ್ನಿಗೆ ಗೊತ್ತು. ನೀರು ತಿಳಿಯಿತ್ತು, ನಾನೇ ನೋಡಿದೀನಿ. ಬಾಟ್ಲಿ ನಂದೇ. ಮತ್ತೆಂತಕ್ಕೆ ಹಿಂಗಾಯ್ತು?"

ಅವರು ಅಂದು ಊಟ ಮಾಡಲಿಲ್ಲ. "ತಲೆನೋವು ಅಂತ ಹೇಳಿ" ಎಂದರು. ಅದನ್ನೂ ನಾನೇ ಅನುವಾದಿಸಿದೆ.

ಫ್ಯಾಕ್ಟರಿಯ ಮಧ್ಯಾಹ್ನ

ಐದನೆಯ ದಿನ ನಮಗೆ ಕೆಲಸವಿರಲಿಲ್ಲ. ಜೇನಕ್ಕ ತಮ್ಮ ಕೆಲಸದ ಜಾಗ ತೋರಿಸಲು ಕರೆದುಕೊಂಡು ಹೋದರು. ಕಾಫಿ ಹಣ್ಣು ಸುಲಿಯುವ ಜಾಗ, ನಾವು ಪಲ್ಪಿಂಗ್ ಮನೆ ಎನ್ನುವುದಕ್ಕೆ ಅವರು ಫ್ಯಾಕ್ಟರಿ ಎನ್ನುತ್ತಾರೆ. ಅಲ್ಲಿ ಸಿಮೆಂಟಿನ ಕಣವಿಲ್ಲ. ಸೊಂಟದ ಎತ್ತರಕ್ಕೆ ಉದ್ದುದ್ದ ಜಾಲರಿ ಮಂಚಗಳು, ಅವುಗಳ ಮೇಲೆ ಪಾರ್ಚ್‌ಮೆಂಟ್. ಹೆಂಗಸರು ಎರಡೂ ಬದಿಯಲ್ಲಿ ನಿಂತು ಮಾತಾಡುತ್ತ ಕೈಯಾಡಿಸುತ್ತಾರೆ. ಬಗ್ಗುವ ಕೆಲಸವೇ ಇಲ್ಲ. ನನಗೆ ಅದು ಬಹಳ ಹಿಡಿಸಿತು.

ಸೂರ್ಯ ನೆತ್ತಿಗೆ ಬರುತ್ತಿದ್ದಂತೆ ಯಾರೋ ಕೂಗಿದರು. ಎಲ್ಲರೂ ಒಟ್ಟಿಗೆ ಮಂಚಗಳ ಮೇಲೆ ಗೋಣಿ, ಬಲೆಬಟ್ಟೆ ಎಳೆಯತೊಡಗಿದರು. ಮೂರು ನಿಮಿಷದಲ್ಲಿ ಕಾಫಿಯೆಲ್ಲ ಹೊದಿಕೆಯ ಕೆಳಗೆ. ಮಧ್ಯಾಹ್ನದ ಉರಿಬಿಸಿಲಿಗೆ ಬೀಜದ ಸಿಪ್ಪೆ ಸೀಳುತ್ತದೆ, ಅದಕ್ಕೆ ಮೂರು ಗಂಟೆಯವರೆಗೆ ಮುಚ್ಚುತ್ತೇವೆ ಎಂದು ಜೇನಕ್ಕ ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ ವಿವರಿಸಿದರು. ನಾನು ನೋಟ್‌ಬುಕ್ ತೆಗೆದು 'ಇಲ್ಲಿ ಕಾಫಿಗೂ ಮಧ್ಯಾಹ್ನದ ನಿದ್ದೆ' ಎಂದು ಚಂದವಾಗಿ ಬರೆದುಕೊಂಡೆ. ನಮ್ಮ ಕಣದಲ್ಲಿ ಮುಚ್ಚುವುದು ಸಂಜೆ ಇಬ್ಬನಿಗೆ ಮಾತ್ರ. ಹಗಲಿಡೀ ಬಿಸಿಲು, ಕೈಯಾಡಿಸುತ್ತಲೇ ಇರುತ್ತಾರೆ.

ತಲೆಯೆತ್ತಿದರೆ ಗುಲಾಬಕ್ಕ ನನ್ನನ್ನೇ ನೋಡುತ್ತಿದ್ದರು.

"ಅಮ್ಮ, ಅವತ್ತು ಶಾಲೇಲಿ ಇವ್ರಿಗೆ ಎಂತ ಹೇಳಿದ್ರಿ?"

"ನೀವು ಹೇಳಿದ್ದೇ."

"ನಾನು ಹೇಳಿದ್ದು ಮೂರು ಮಾತು. ಪಾರ್ಚ್‌ಮೆಂಟ್ ಅಂತ ನೀವಂದಿದ್ದು ನನ್ನ ಕಿವಿಗೆ ಬಿತ್ತು. ನನ್ನ ಮಾತಲ್ಲಿ ಪಾರ್ಚ್‌ಮೆಂಟ್ ಎಲ್ಲಿತ್ತು?"

ಬಾಟಲಿಗಳನ್ನೂ ಹೀಗೇ ಮುಚ್ಚಿದಿರಾ ಎಂದು ಜೇನಕ್ಕನನ್ನು ಕೇಳಿದೆ. ಅವರು ಸಂತೋಷದಿಂದಲೇ ಹೇಳಿದರು. ಹೌದು, ಬಾಟಲಿಗಳನ್ನೂ ಮುಚ್ಚಿದೆವು. ನೀವು ಹೇಳಿದ ಹಾಗೆಯೇ, ಪಾರ್ಚ್‌ಮೆಂಟ್ ಮುಚ್ಚುವ ಹೊತ್ತಿಗೆ, ಅದೇ ಗೋಣಿಯಿಂದ. ಮೂರು ಗಂಟೆಗೆ ತೆಗೆದೆವು. ಬಹಳ ಜೋಪಾನವಾಗಿ ನೋಡಿಕೊಂಡೆವು.

ನೀರಿಗೆ ಬೇಕಾದ ನಡುಹಗಲ ಬಿಸಿಲೆಲ್ಲ ನನ್ನ ಒಂದು ಅಲಂಕಾರದ ಮಾತಿನ ಕೆಳಗೆ ಮುಚ್ಚಿಹೋಗಿತ್ತು.

ಜೇನಕ್ಕ ಹೇಳಿದ್ದನ್ನು ಕನ್ನಡದಲ್ಲಿ ಹೇಳಿ, "ಕೇಳೋಕೆ ಚೆನ್ನಾಗಿರ್ಲಿ ಅಂತ..." ಎಂದೆ.

"ಚೆನ್ನಾಗೇನೋ ಇತ್ತು. ಚಪ್ಪಾಳೆನೂ ಬಿತ್ತು" ಎಂದರು ಗುಲಾಬಕ್ಕ. ಅವರ ಹೊಟ್ಟೆಯೊಳಗಿಂದ ನಗು ಉಕ್ಕಿತು. "ಸದ್ಯ, ನಮ್ಮ ಬಿಸಿಲು ಸೋತಿಲ್ಲ! ನಿನ್ನೆಯಿಂದ ಅನ್ನ ಸೇರಿಲ್ಲ ನಂಗೆ. ನಡೀರಿ, ಮೇಡಮ್ಮಿಗೆ ಹೇಳಣ."

ಮ್ವಾಲಿಮು ತಮ್ಮ ಕೋಣೆಯಲ್ಲಿ ಪುಸ್ತಕ ತಿದ್ದುತ್ತಿದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ತಪ್ಪು ಬಾಟಲಿಯದಲ್ಲ, ತಾಯಂದಿರದಲ್ಲ, ಗುಲಾಬಕ್ಕನದಂತೂ ಅಲ್ಲ, ನನ್ನದು ಎಂದೆ. ಅವರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು.

"ಪ್ರಶ್ನೆಯೇ ತಪ್ಪಿದ್ದರೆ ಮಕ್ಕಳಿಗೆ ಮತ್ತೆ ಪರೀಕ್ಷೆ ಕೊಡುತ್ತೇನೆ. ಆದರೆ ಒಂದೇ ಸಲ" ಎಂದರು.

ಮತ್ತೆ ಬಿಸಿಲು

ಆರನೆಯ ದಿನ ಬೆಳಿಗ್ಗೆ ಅದೇ ಅಂಗಳ, ಅದೇ ತಾಯಂದಿರು. ನಾನು ಎದ್ದು ನಿಲ್ಲುವಷ್ಟರಲ್ಲಿ ಗುಲಾಬಕ್ಕ ನನ್ನ ಭುಜ ಒತ್ತಿದರು. "ನೀವು ಕೂತ್ಕಳಿ ಅಮ್ಮ. ಇವತ್ತು ನಾನೇ ಹೇಳ್ತೀನಿ."

ಹೇಳಿದ್ದು ಕನ್ನಡದಲ್ಲೇ. ಬಾಟಲಿಯನ್ನು ನೆಲಕ್ಕೆ ಮಲಗಿಸಿ, ಬಲಗೈಯನ್ನು ಪೂರ್ವದಿಂದ ಮೆಲ್ಲಗೆ ಮೇಲೆತ್ತಿದರು. ಅದು ಸೂರ್ಯ ಎಂದು ಯಾರಿಗೂ ಹೇಳಬೇಕಾಗಲಿಲ್ಲ. ಕೈ ನೆತ್ತಿಗೆ ಬಂದಾಗ ಎಡಗೈಯಿಂದ ಸೆರಗು ತೆಗೆದು ಬಾಟಲಿಗೆ ಹೊದಿಸಲು ಹೋದಂತೆ ಮಾಡಿ, ತಮ್ಮ ಎಡಗೈಗೆ ತಾವೇ ಫಟ್ ಎಂದು ಹೊಡೆದುಕೊಂಡರು. "ಏಯ್! ಮುಟ್ಬೇಡ!" ಹೆಂಗಸರು ಹೋ ಎಂದು ನಕ್ಕರು. ಸೂರ್ಯ ಪಶ್ಚಿಮಕ್ಕೆ ಇಳಿಯಿತು. ಆಗ ಮಾತ್ರ ಬಾಟಲಿಯನ್ನೆತ್ತಿ ಕುಡಿಯುವಂತೆ ಮಾಡಿ, ಹೊಟ್ಟೆ ಸವರಿಕೊಂಡರು.

ಆಮೇಲೆ ಒಬ್ಬೊಬ್ಬರನ್ನೂ ಎಬ್ಬಿಸಿ ಮಾಡಿಸಿದರು. ಜೇನಕ್ಕನ ಸೂರ್ಯ ಸ್ವಲ್ಪ ಅವಸರದ್ದು, ಅದನ್ನು ಹಿಂದಕ್ಕೆ ಎಳೆದು ಮತ್ತೆ ಹುಟ್ಟಿಸಿದರು. ಕಾಫಿ ಮಂಚವನ್ನೂ ನೆಲದಲ್ಲಿ ಗೆರೆ ಎಳೆದು ತೋರಿಸಿ, ಅದಕ್ಕೆ ಹೊದಿಕೆ ಸರಿ, ನೀರಿಗೆ ಬೇಡ ಎಂದು ತಲೆಯಾಡಿಸಿದರು. ಗೋಡೆಯ ಬದಿಯ ಬೆಂಚಿನಲ್ಲಿ ನಾನು ಕೈಕಟ್ಟಿ ಕೂತಿದ್ದೆ. ನನಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ನಮ್ಮ ಕಣದ ಹೆಂಗಸು, ಮಲ್ಲಂದೂರಿನ ಮಾತಿನಲ್ಲಿ, ಸಮುದ್ರದಾಚೆಯ ಇಪ್ಪತ್ತು ಮಂದಿಯನ್ನು ಕೈಹಿಡಿದು ನಡೆಸುತ್ತಿದ್ದರು. ಎಷ್ಟೋ ಬಹುಮಾನ ವಿತರಣೆಗಳಲ್ಲಿ ಕೂತಿದ್ದೇನೆ. ಎದೆ ಅಷ್ಟು ತುಂಬಿದ್ದು ನೆನಪಿಲ್ಲ.

ಅಂದು ಮಧ್ಯಾಹ್ನ ಯಾರೂ ಚರ್ಚಿಗೆ ಹೋಗಲಿಲ್ಲ. ಗುಲಾಬಕ್ಕ ಮಾಡಿಗೆ ಎದುರಾಗಿ ಒಂದು ಕಲ್ಲಿನ ಮೇಲೆ ಕೂತು ನೋಡಿದರು, ನಾನೂ ಜೊತೆಗೆ ಕೂತೆ. ಸಂಜೆ ಮೂರು ಶೀಷೆ ತುಂಬಿದೆವು. ಗುಡ್ಡದ ಚಳಿಗೆ ಪರೀಕ್ಷೆ ಸರಿಯಾಗದೆ ಹೋದೀತು ಎಂದು ಜೇನಕ್ಕ ಅವನ್ನು ಸ್ವೆಟರಿನಲ್ಲಿ ಸುತ್ತಿ ಒಲೆಯ ಪಕ್ಕದ ಗೂಡಿನಲ್ಲಿಟ್ಟರು. ಏಳನೆಯ ದಿನ ಹಳದಿ. ಎಂಟನೆಯ ದಿನ ಸಂಜೆಯೂ ಹಳದಿ. ಆದರೂ ಮ್ವಾಲಿಮು, "ಬೆಳಿಗ್ಗೆ, ಹಗಲು ಬೆಳಕಿನಲ್ಲಿ ನೋಡಿ ಹೇಳುತ್ತೇನೆ" ಎಂದರು.

ಹೊರಡುವ ದಿನ

ನಮ್ಮ ಗಾಡಿ ಶಾಲೆಯ ಗೇಟಿನ ಮುಂದೆ ನಿಂತಿತ್ತು. ಮ್ವಾಲಿಮು ಮೂರು ಶೀಷೆಗಳನ್ನೂ ಒಂದೊಂದಾಗಿ ಬಿಳಿ ಕಾಗದದ ಮುಂದೆ ಹಿಡಿದು ನೋಡಿದರು. ಹಳದಿ, ಹಳದಿ, ಹಳದಿ. ಹಿಂದಿನ ದಿನವಿಡೀ ಮಾಡಿನ ಮೇಲಿದ್ದ ಒಂದು ಬಾಟಲಿ ತರಿಸಿ, ಮುಚ್ಚಳ ತಿರುಗಿಸಿ, ಮಕ್ಕಳೆಲ್ಲ ನೋಡುತ್ತಿದ್ದಂತೆ ಅರ್ಧ ಕುಡಿದರು. ಉಳಿದರ್ಧವನ್ನು ಗುಲಾಬಕ್ಕನಿಗೆ ಕೊಟ್ಟರು. ಗುಲಾಬಕ್ಕ ಎತ್ತಿ ಕುಡಿದು, ಬಾಯಿ ಒರೆಸಿಕೊಂಡರು.

ಆಮೇಲೆ ಮ್ವಾಲಿಮು ನನ್ನ ಕಡೆ ತಿರುಗಿ ಐದು ಮಾತು ಹೇಳಿದರು. ಗುಲಾಬಕ್ಕ ಐದು ಬೆರಳನ್ನೂ ಬಿಚ್ಚಿ ನನ್ನ ಮುಂದೆ ಹಿಡಿದರು, ಎಣಿಸುವುದಕ್ಕೆ.

ಒಂದೊಂದೇ ಹೇಳಿದೆ. ಸೋಮವಾರದಿಂದ ಶಾಲೆಯ ಮಕ್ಕಳಿಗೆ ಬಿಸಿಲ ನೀರು. ಪ್ರತಿ ಮಗುವೂ ಮನೆಯಿಂದ ಗೀರಿಲ್ಲದ ಒಂದು ಬಾಟಲಿ ತರಬೇಕು. ಮೋಡದ ದಿನ ಇಟ್ಟದ್ದನ್ನು ಮಾರನೆಯ ದಿನವೂ ಬಿಸಿಲಿಗಿಡಬೇಕು. ಮಧ್ಯಾಹ್ನ ಯಾರೂ ಅದನ್ನು ಮುಟ್ಟುವಂತಿಲ್ಲ, ಹೆಡ್‌ಮಿಸ್ಟ್ರೆಸ್ ಕೂಡ. ಇದೆಲ್ಲವನ್ನೂ ಒಂದು ಪಾಠವಾಗಿ ಹಲಗೆಯ ಮೇಲೆ ಬರೆಸುತ್ತಾರಂತೆ, ಪಾಠದ ಮೇಲೆ ಯಾರ ಹೆಸರು ಹಾಕಲಿ ಎಂದು ಕೇಳುತ್ತಿದ್ದಾರೆ.

ಐದನೆಯ ಬೆರಳೂ ಮಡಿಯಿತು. ಗುಲಾಬಕ್ಕ ನಾಚಿ ಸೆರಗು ಸರಿ ಮಾಡಿಕೊಂಡರು.

"ನಂದೊಬ್ಳದ್ದು ಬೇಡ. ಮಲ್ಲಂದೂರು ಲೈನಿನ ಹೆಂಗಸ್ರು ಅಂತ ಹಾಕ್ಲಿ."

ಇದ್ದದ್ದು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ. ಮ್ವಾಲಿಮು ಸೀಮೆಸುಣ್ಣ ಹಿಡಿದು ಕಪ್ಪು ಹಲಗೆಯ ಮೇಲೆ ನಮ್ಮೂರ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆಯತೊಡಗಿದರು. ಅಲ್ಲಿ ಎರಡು 'ಎಲ್' ಬರಬೇಕು ಎಂದು ತಿದ್ದಿದೆ. ನನ್ನ ಕಡೆಯಿಂದ ಸೇರಿಸಿದ್ದು ಅಷ್ಟೇ.